ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಒಮ್ಮೆ ತಲೆ ಎತ್ತಿ ನೋಡಿ



ಈ ಸಲ ಒಂದು ಪ್ರಶ್ನೆಯಿಂದಲೇ ಶುರು ಮಾಡೋಣ. ಮುಂಬಯಿಗೆ ಬಂದ ಮೇಲೆ ನೀವು ಕ್ರಾಫರ್ಡ್ ಮಾರ್ಕೆಟ್ಟಿಗೆ ಎಷ್ಟು ಸಲ ಹೋಗಿರಬಹುದು? ಮಗಳ ಮದುವೆಯ ಜವಳಿಗೆಂದು ಪಕ್ಕದ ಮಂಗಲದಾಸ್ ಮಾರ್ಕೆಟ್ಟಿಗೆ, ಒಡವೆಗೆಂದು ಝವೇರಿ ಬಜಾರಿಗೆ, ಸ್ವಿಚ್ಚು ವಯರುಗಳಿಗೆಂದು ಲೋಹಾರ್ ಚಾಳಿಗೆ, ಹಣ್ಣಿಗೆಂದು ಮಾರ್ಕೆಟ್ಟಿನ ಒಳಕ್ಕೆ. ಲೆಕ್ಕ ಇಟ್ಟವರು ಯಾರು! ಈಗ ಎರಡನೆಯ ಪ್ರಶ್ನೆ. ಆ ಮಾರ್ಕೆಟ್ಟಿನ ದೊಡ್ಡ ಬಾಗಿಲ ಮೇಲೆ ಏನು ಕೆತ್ತಿದ್ದಾರೆ, ಹೇಳಿ ನೋಡೋಣ? ಉತ್ತರ ಬರಲಿಲ್ಲವೆಂದರೆ ಬೇಸರ ಬೇಡ. ಅಲ್ಲಿ ಕಾಲಿಡಲು ಜಾಗ ಹುಡುಕುವುದೇ ಕಷ್ಟ, ಇನ್ನು ತಲೆ ಎತ್ತುವ ಪುರುಸೊತ್ತು ಯಾರಿಗಿದೆ?

ಬನ್ನಿ, ಇವತ್ತು ಏನನ್ನೂ ಕೊಳ್ಳದೆ ಹೋಗಿಬರೋಣ.

ಸಿ.ಎಸ್.ಎಂ.ಟಿ. ನಿಲ್ದಾಣದಲ್ಲಿ ಇಳಿಯಿರಿ. 1996ರಲ್ಲಿ ಒಮ್ಮೆ, 2017ರಲ್ಲಿ ಮತ್ತೊಮ್ಮೆ ಅದರ ಹೆಸರು ಬದಲಾಯಿತು. ಆದರೆ ನಮ್ಮ ಹಿರಿಯರ ಬಾಯಲ್ಲಿ ಅದು ಇವತ್ತಿಗೂ ವೀಟಿಯೇ. ಅಲ್ಲಿಂದ ಉತ್ತರಕ್ಕೆ ಹತ್ತು ನಿಮಿಷದ ನಡಿಗೆ. ನೀವು ನಡೆಯುವ ಈ ದಾರಿ ಒಂದು ಕಾಲದಲ್ಲಿ ಊರಿನ ಹೊರಗಿತ್ತು. ಊರೆಂದರೆ ಆಗ ಕೋಟೆಯ ಒಳಗೆ ಮಾತ್ರ. ಫೋರ್ಟ್ ಎಂದು ನಾವು ಇಂದಿಗೂ ಕರೆಯುವ ಆ ಭಾಗಕ್ಕೆ ನಿಜವಾಗಿಯೂ ಗೋಡೆ ಇತ್ತು. ಅಪೋಲೋ ಗೇಟ್, ಚರ್ಚ್ ಗೇಟ್, ಬಜಾರ್ ಗೇಟ್ ಎಂಬ ಮೂರು ಬಾಗಿಲುಗಳಿದ್ದವು. ಚರ್ಚ್ ಗೇಟ್ ಸ್ಟೇಷನ್ನಿನ ಹೆಸರಿನಲ್ಲಿ ಆ ಬಾಗಿಲು ಈಗಲೂ ಉಳಿದಿದೆ, ಗೋಡೆ ಮಾತ್ರ ಇಲ್ಲ.

1803ರ ಫೆಬ್ರವರಿ 17ರಂದು ಕೋಟೆಯೊಳಗೆ ಭಾರೀ ಬೆಂಕಿ ಬಿತ್ತು. ಒತ್ತೊತ್ತಾಗಿ ಕಟ್ಟಿದ್ದ ಮನೆ ಅಂಗಡಿಗಳು ಬೂದಿಯಾದವು. ಆ ಮೇಲೆ ವ್ಯಾಪಾರಸ್ಥರು ಗೋಡೆಯಾಚೆಗೆ, ಮೈದಾನ ದಾಟಿ, ಮುಂಬಾದೇವಿ, ಕಾಲಬಾದೇವಿಯ ಕಡೆ ಹೆಚ್ಚು ಹೆಚ್ಚಾಗಿ ನೆಲೆಸತೊಡಗಿದರು. ಪೇಟೆಗಳ ಹಣೆಯಲ್ಲಿ ಹೀಗೆ ಬೆಂಕಿ ಬರೆದಿರುವುದು ನಮ್ಮಲ್ಲಿ ಮಾತ್ರವಲ್ಲ. ಜಪಾನಿನ ಟೋಕಿಯೋ ನಗರದ ಗಿಂಜಾ ಎಂಬ ಪ್ರಸಿದ್ಧ ಪೇಟೆಯ ಕಥೆಯೂ ಹೀಗೆಯೇ. 1612ರಲ್ಲಿ ಬೆಳ್ಳಿ ನಾಣ್ಯದ ಟಂಕಸಾಲೆ ಬಂದದ್ದರಿಂದ ಆ ಹೆಸರು. 1872ರ ಬೆಂಕಿಯಲ್ಲಿ ಅದು ಸುಟ್ಟುಹೋದಾಗ ಸರಕಾರ ಇಟ್ಟಿಗೆಯ ಕಟ್ಟಡಗಳನ್ನೂ ಅಗಲ ರಸ್ತೆಯನ್ನೂ ಮಾಡಿಸಿತು. ಅದೇ ವರ್ಷ ಹತ್ತಿರದಲ್ಲೇ ರೈಲೂ ಬಂತು. ಅಲ್ಲಿ ಬೆಂಕಿ ಮತ್ತು ರೈಲು ಸೇರಿ ಪೇಟೆ ಮಾಡಿದರೆ, ಇಲ್ಲಿ ಬೆಂಕಿಯ ಜೊತೆ ಸೇರಿದ್ದು ಹತ್ತಿ.

ಈ ಹತ್ತಿಯ ಮಾತು ಬಂದಾಗ ನಾವು ಕನ್ನಡಿಗರು ಸ್ವಲ್ಪ ಕಿವಿ ನಿಮಿರಿಸಬೇಕು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತುಹೋಯಿತು. ಎಲ್ಲರ ಕಣ್ಣು ಮುಂಬಯಿಯ ಮೇಲೆ. ಆ ಹತ್ತಿಯಲ್ಲಿ ಒಂದು ಪಾಲು ಬರುತ್ತಿದ್ದದ್ದು ಧಾರವಾಡದ ಎರೆಭೂಮಿಯಿಂದ. ಎತ್ತುಗಳ ಮೇಲೆ, ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆಗೆ ಬಂದು, ಅಲ್ಲಿಂದ ಹಡಗು ಹತ್ತುತ್ತಿತ್ತು. ಮುಂಬಯಿ ಮಾರುಕಟ್ಟೆಯಲ್ಲಿ ಅದರ ಹೆಸರೇ ‘ಕುಮಟಾ’. ಬೆಳೆದ ಊರಿನ ಹೆಸರಲ್ಲ, ಹಡಗು ಹತ್ತಿಸಿದ ಊರಿನ ಹೆಸರು! 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದಕ್ಕೆ ಈ ಹತ್ತಿಯ ವರ್ತಕರ ಒತ್ತಾಯವೂ ಒಂದು ಕಾರಣ. ಧಾರವಾಡ, ಬೆಳಗಾವಿ, ವಿಜಾಪುರದವರಿಗಂತೂ 1956ರ ನವೆಂಬರ್ 1ರವರೆಗೆ ಮುಂಬಯಿಯೇ ರಾಜಧಾನಿ. ಆದ್ದರಿಂದ ಈ ಪೇಟೆಗೆ ನಾವು ತೀರ ಹೊರಗಿನವರಲ್ಲ.

ಹತ್ತಿಯ ಹಣ ಹರಿದುಬರುತ್ತಿದ್ದ ಆ ದಿನಗಳಲ್ಲೇ ಗವರ್ನರ್ ಬಾರ್ಟಲ್ ಫ್ರೇರ್ ಕೋಟೆಯ ಗೋಡೆ ಕೆಡವಿಸಿದರು. ಒಳಗಿನ ಊರು, ಹೊರಗಿನ ಊರು ಒಂದಾದವು. ಎರಡೂ ಸೇರುವ ಜಾಗದಲ್ಲಿ 1869ರಲ್ಲಿ ಈ ಮಾರ್ಕೆಟ್ ತಲೆಯೆತ್ತಿತು. ನಕ್ಷೆ ವಿಲಿಯಂ ಎಮರ್ಸನ್ ಅವರದು. ಮುಂದೆ ಕಲ್ಕತ್ತೆಯ ವಿಕ್ಟೋರಿಯಾ ಮೆಮೋರಿಯಲ್ ಕಟ್ಟಿದವರೂ ಇವರೇ. ಹಳದಿ ಬಣ್ಣದ ಕಲ್ಲು ನಮ್ಮ ಕುರ್ಲಾದ್ದು, ಕೆಂಪು ಕಲ್ಲು ವಸಾಯಿಯದು. 1882ರಲ್ಲಿ ಇಲ್ಲಿ ವಿದ್ಯುದ್ದೀಪ ಹತ್ತಿತು. ದೇಶದಲ್ಲಿ ಮೊದಲು ವಿದ್ಯುತ್ ಬೆಳಕು ಕಂಡ ಕಟ್ಟಡ ಎಂಬ ಹೆಗ್ಗಳಿಕೆ ಅದಕ್ಕಿದೆ.

ಈಗ ತಲೆ ಎತ್ತಿ. ಬಾಗಿಲ ಮೇಲಿನ ಕೆತ್ತನೆಯಲ್ಲಿ ರಾಜರಿಲ್ಲ, ದೇವರಿಲ್ಲ, ದೊರೆಗಳೂ ಇಲ್ಲ. ಹೊಲದಲ್ಲಿ ದುಡಿಯುವವರು, ಪೇಟೆಗೆ ಸಾಮಾನು ಹೊತ್ತು ತರುವವರು ಇದ್ದಾರೆ. ಇದನ್ನು ಮಾಡಿದವರು ಎದುರಿನ ಜೆ.ಜೆ. ಕಲಾಶಾಲೆಯಲ್ಲಿ ಕಲಿಸುತ್ತಿದ್ದ ಲಾಕ್‌ವುಡ್ ಕಿಪ್ಲಿಂಗ್. 1865ರಲ್ಲಿ ಅದೇ ಶಾಲೆಯ ಆವರಣದಲ್ಲಿ ಹುಟ್ಟಿದ ಮಗ ರುಡ್ಯಾರ್ಡ್ ಮುಂದೆ ‘ಜಂಗಲ್ ಬುಕ್’ ಬರೆದು ಜಗತ್ಪ್ರಸಿದ್ಧನಾದ. ಅಪ್ಪ ಕೆತ್ತಿಸಿದ ಈ ಜನರನ್ನು ಮಾತ್ರ ಯಾರೂ ನೋಡುವುದಿಲ್ಲ. ಹೊರೆ ಹೊತ್ತವರಿಗೆ ಬಾಗಿಲ ಮೇಲೆ ಜಾಗ ಸಿಕ್ಕಿತು, ಬಾಗಿಲಿನ ಹೆಸರು ಬೇರೆಯವರದಾಯಿತು.

ಯಾರದು ಆ ಹೆಸರು? ಆರ್ಥರ್ ಕ್ರಾಫರ್ಡ್, 1865ರಲ್ಲಿ ಮುಂಬಯಿಯ ಮೊದಲ ಮುನಿಸಿಪಲ್ ಕಮಿಷನರ್. ಚುರುಕಿನ ಮನುಷ್ಯ, ಊರನ್ನು ಚೊಕ್ಕಟ ಮಾಡಿದವರು. ಆದರೆ ಖರ್ಚಿಗೆ ಕೈ ಹಿಡಿತವಿರಲಿಲ್ಲ. 1871ರಲ್ಲಿ ತೆರಿಗೆದಾರರು ಗಲಾಟೆ ಎಬ್ಬಿಸಿದರು, ಅವರು ಹುದ್ದೆ ಬಿಡಬೇಕಾಯಿತು. ಮುಂದೆ ಪುಣೆಯಲ್ಲಿ ಹಿರಿಯ ಅಧಿಕಾರಿಯಾಗಿದ್ದಾಗ ಮಾಮಲೇದಾರರಿಂದ ಹಣ ಪಡೆದರೆಂಬ ಆರೋಪ ಬಂದು, 1888ರಲ್ಲಿ ವಿಚಾರಣಾ ಆಯೋಗ ಕುಳಿತು, ಕೊನೆಗೆ ನೌಕರಿಯೂ ಹೋಯಿತು.

ಅದೇ 1888ರ ಮೇ 11ರಂದು, ಈ ಮಾರ್ಕೆಟ್ಟಿಗೆ ದೂರವಲ್ಲದ ಮಾಂಡವಿಯಲ್ಲಿ ಒಂದು ಸಭೆ ನಡೆಯಿತು. ಸೇರಿದ ಜನ ಜ್ಯೋತಿಬಾ ಫುಲೆ ಅವರಿಗೆ ‘ಮಹಾತ್ಮ’ ಎಂಬ ಬಿರುದು ಕೊಟ್ಟರು. ಈಗ ಈ ಕಟ್ಟಡದ ಅಧಿಕೃತ ಹೆಸರು ಮಹಾತ್ಮ ಜ್ಯೋತಿಬಾ ಫುಲೆ ಮಂಡಈ. ಇದರಲ್ಲೊಂದು ಸ್ವಾರಸ್ಯವಿದೆ. ಪುಣೆ ನಗರಸಭೆಯ ಸದಸ್ಯರಾಗಿದ್ದಾಗ ಫುಲೆ ಅವರು ಅಲ್ಲಿನ ಹೊಸ ಮಾರುಕಟ್ಟೆ ಕಟ್ಟಡಕ್ಕೆ ದುಡ್ಡು ಸುರಿಯುವುದನ್ನು ವಿರೋಧಿಸಿದ್ದರು. ಬಡವರಿಗೆ ಬೇಕಾದದ್ದು ಶಾಲೆ ಎಂಬುದು ಅವರ ನಿಲುವು. ಆ ಕಟ್ಟಡ 1886ರಲ್ಲಿ ಗವರ್ನರ್ ಲಾರ್ಡ್ ರೇ ಹೆಸರಿನಲ್ಲಿ ತೆರೆಯಿತು, ಈಗ ಅದಕ್ಕೂ ಫುಲೆ ಅವರದೇ ಹೆಸರು! ಮಾರುಕಟ್ಟೆ ಬೇಡ, ಶಾಲೆ ಬೇಕು ಎಂದವರ ಹೆಸರು ಎರಡು ಮಾರುಕಟ್ಟೆಗಳಿಗೆ ಸಿಕ್ಕಿತು.

ಆದರೆ ಮಿತ್ರರೇ, ಈ ಪೇಟೆಯ ಆಸುಪಾಸಿನಲ್ಲಿ ಶಾಲೆಗಳೂ ಇದ್ದವು. ಹಗಲಿನವಲ್ಲ, ರಾತ್ರಿಯವು. ಅವು ನಮ್ಮವು.

ಮಂಗಳೂರು, ಉಡುಪಿ, ಕುಂದಾಪುರದ ಕಡೆಯಿಂದ ಹಡಗು ಹತ್ತಿ, ಆಮೇಲಿನ ಕಾಲದಲ್ಲಿ ಬಸ್ಸು ಹತ್ತಿ ಬಂದ ಹುಡುಗರು ಫೋರ್ಟಿನ ಹೋಟೆಲು ಕ್ಯಾಂಟೀನುಗಳಲ್ಲಿ ದುಡಿದರು. ಕೆಲಸ ಮುಗಿದ ಮೇಲೆ ಪಾಠ. 1902ರಲ್ಲೇ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಅವರಿಗಾಗಿ ಕನ್ನಡ ರಾತ್ರಿಶಾಲೆ ನಡೆಸಿದವು. ಅಲ್ಲಿ ಓದಿ ಬ್ಯಾಂಕು ಸೇರಿದವರು, ವಕೀಲರಾದವರು, ಹೋಟೆಲಿನ ಮಾಲೀಕರಾದವರು ನಿಮ್ಮ ಬಳಗದಲ್ಲೂ ಇದ್ದಾರು.

ಅಂಥ ಹಿರಿಯರೊಬ್ಬರು ಒಮ್ಮೆ ನಮ್ಮ ಸ್ಟುಡಿಯೋಗೆ ಬಂದಿದ್ದರು. ಹುಡುಗನಾಗಿದ್ದಾಗ ಮಂಗಲದಾಸ್ ಮಾರ್ಕೆಟ್ಟಿನ ಗಲ್ಲಿಗಳಲ್ಲಿ ಅಂಗಡಿ ಅಂಗಡಿಗೆ ಚಹಾ ಕೊಟ್ಟವರು. ರೆಕಾರ್ಡಿಂಗ್ ಮುಗಿದು ಮೈಕು ಆರಿಸಿದ ಮೇಲೆ ಅವರು ಹೇಳಿದ ಮಾತು ನನಗೆ ಇನ್ನೂ ನೆನಪಿದೆ. “ಹಗಲಿಡೀ ನಾನು ಬಾರ್ಕ್ಯಾ. ಸೇಠ್‌ಗೂ ಬಾರ್ಕ್ಯಾ, ಗಿರಾಕಿಗೂ ಬಾರ್ಕ್ಯಾ. ರಾತ್ರಿ ಮಾಸ್ತರರು ಹಾಜರಿ ಕರೆಯುವಾಗ ಮಾತ್ರ ನನ್ನ ಪೂರ್ತಿ ಹೆಸರು, ಅಪ್ಪನ ಹೆಸರಿನ ಸಮೇತ ಕೇಳಿಸುತ್ತಿತ್ತು. ನಿದ್ದೆ ಎಷ್ಟೇ ಬರಲಿ, ಅದಕ್ಕೋಸ್ಕರ ಹೋಗುತ್ತಿದ್ದೆ.” ಆ ಮಾತು ಕಾರ್ಯಕ್ರಮದಲ್ಲಿ ಬರಲಿಲ್ಲ. ಮೈಕು ಆರಿಸಿದ್ದು ನಾನೇ.

ಈಗ ಆ ರಾತ್ರಿಶಾಲೆಗಳು ಬಹಳ ಕಡಿಮೆಯಾಗಿವೆ. ಊರಿನಿಂದ ಎಳೆಯ ಹುಡುಗರು ಹಾಗೆ ಬಂದು ದುಡಿಯಬೇಕಾಗಿಲ್ಲ ಎಂಬುದು ಒಳ್ಳೆಯದೇ. ಪೇಟೆಯೂ ಬದಲಾಗಿದೆ. 1996ರಲ್ಲಿ ಹಣ್ಣಿನ ಸಗಟು ವ್ಯಾಪಾರ ವಾಶಿಗೆ ಹೋಯಿತು. ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಉಳಿದದ್ದು ಚಿಲ್ಲರೆ ವ್ಯಾಪಾರ ಮತ್ತು ಗಿರಾಕಿಗಳ ಗದ್ದಲ. ಬೇಸಿಗೆ ಬಂದರೆ ಈ ನಗರದಲ್ಲಿ ನಮ್ಮ ಧಾರವಾಡದ ಆಪೂಸು ಎಷ್ಟೋ ಸಲ ದೇವಗಡದ ಹೆಸರಿನಲ್ಲಿ ಬಿಕರಿಯಾಗುತ್ತದೆ. ಅಂದು ಹತ್ತಿಗೆ ಆದದ್ದು ಇಂದು ಮಾವಿಗೂ ಆಗಿದೆ, ಬೆಳೆದವನ ಊರಿನ ಹೆಸರು ಬುಟ್ಟಿಯ ತಳದಲ್ಲೇ ಉಳಿಯುತ್ತದೆ.

ಮಾವಿನ ಮಾತು ಹೋಗಲಿ, ಮನುಷ್ಯರ ಹೆಸರನ್ನಾದರೂ ನಾವು ಉಳಿಸಿಕೊಳ್ಳಬಹುದಲ್ಲ? ಆ ಹಾಜರಿ ಪುಸ್ತಕಗಳು ಎಷ್ಟು ಉಳಿದಿವೆಯೋ, ಎಷ್ಟು ಗೆದ್ದಲಿಗೆ ಹೋದವೋ. ನಿಮ್ಮ ಮನೆಯಲ್ಲಿ ಫೋರ್ಟಿನಲ್ಲಿ ದುಡಿದ, ರಾತ್ರಿಶಾಲೆಯಲ್ಲಿ ಓದಿದ ಹಿರಿಯರಿದ್ದರೆ ಈ ಭಾನುವಾರ ಅವರ ಪಕ್ಕ ಕುಳಿತುಕೊಳ್ಳಿ. ಯಾವ ಗಲ್ಲಿ, ಯಾವ ಹೋಟೆಲು, ಯಾವ ಇಸವಿ, ಪಾಠ ಹೇಳಿದ ಮಾಸ್ತರರು ಯಾರು ಎಂದು ಕೇಳಿ ಬರೆದಿಡಿ. ಒಂದು ಪ್ರತಿ ನಮ್ಮ ಕನ್ನಡ ವಿಭಾಗಕ್ಕೂ ಕಳಿಸಿ. ಬಂದದ್ದನ್ನು ಓದಿ ಹೇಳುವ ಕೆಲಸ ನಮ್ಮದು.

ಮುಂದಿನ ಸಲ ಸಾಮಾನು ತರಲು ಹೋದಾಗ, ಯಾರಾದರೂ ಹಿಂದಿನಿಂದ ದೂಡಿದರೂ ಪರವಾಗಿಲ್ಲ, ಬಾಗಿಲ ಎದುರು ಒಂದು ನಿಮಿಷ ನಿಂತು ಮೇಲೆ ನೋಡಿ. ಹೊರೆ ಹೊತ್ತವರು ಇನ್ನೂ ಅಲ್ಲೇ ಇದ್ದಾರೆ.

ಮತ್ತೆ ಸಿಗೋಣ. ಕೇಳುತ್ತಿರಿ.