ದಿಲ್ಲಿಯ ಭಾನುವಾರ, ಕಾಳಿ ಕೊಳ್ಳದ ಪರದೆ: ಆಮದು ವಿಜ್ಞಾನಕಥಾ ಧಾರಾವಾಹಿಯ ವೇಳಾಪಟ್ಟಿಯನ್ನು ಕುರಿತು

ಹೊರದೇಶದಿಂದ ತಂದ ಧಾರಾವಾಹಿಯನ್ನು ಯಾವ ವಾರ, ಯಾವ ಹೊತ್ತಿಗೆ ತೋರಿಸಬೇಕೆಂದು ನಿರ್ಧರಿಸುವವರು ಯಾರು? ಅಮೆರಿಕ, ಬ್ರಿಟನ್‌ಗಳ ಟಿ.ವಿ. ಚರಿತ್ರೆಯಲ್ಲಿ ಈ ಪ್ರಶ್ನೆಯ ಚರ್ಚೆ ಸಾಕಷ್ಟು ನಡೆದಿದೆ. ನಮ್ಮ ತಾಲ್ಲೂಕುಗಳ ಮಟ್ಟಕ್ಕೆ ಅದನ್ನು ಇಳಿಸಿ ನೋಡಿದ್ದು ಕಡಿಮೆ. ಉತ್ತರ ಕನ್ನಡದ ಘಟ್ಟದ ಮೇಲಿನ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳನ್ನು ಮುಂದಿಟ್ಟುಕೊಂಡು, 1980ರ ದಶಕದ ನಡುಭಾಗದಲ್ಲಿ ದೂರದರ್ಶನ ಭಾನುವಾರ ಬೆಳಿಗ್ಗೆ ಬಿತ್ತರಿಸಿದ 'ಸ್ಟಾರ್ ಟ್ರೆಕ್' ಮತ್ತು ಅದರ ನಂತರದ ಆಮದು ವಿಜ್ಞಾನಕಥೆಗಳನ್ನು ಇಲ್ಲಿ ಪರಿಶೀಲಿಸಿದ್ದೇನೆ. ಈ ಊರುಗಳಲ್ಲಿ ವೇಳಾಪಟ್ಟಿಯನ್ನು ಮೊದಲು ದಿಲ್ಲಿ ಬರೆಯಿತು, ಗುಡ್ಡವೂ ಕರೆಂಟೂ ತಿದ್ದಿದವು, ಆಮೇಲೆ ಕೇಬಲ್ಲಿನವರು ಬರೆದರು. ಈ ಯಾವ ಪಟ್ಟಿಯಲ್ಲೂ ವಿಜ್ಞಾನಕಥೆ ಕನ್ನಡದಲ್ಲಿ ಮಾತಾಡಲಿಲ್ಲ. ಅದಕ್ಕೆ ಕಾರಣ ಹೊರಗಿನವರು ಮಾತ್ರವಲ್ಲ ಎಂಬುದು ನನ್ನ ವಾದ.

'ಸ್ಟಾರ್ ಟ್ರೆಕ್' 1966ರ ಸೆಪ್ಟೆಂಬರ್ 8ರಂದು ಅಮೆರಿಕದ ಎನ್‌ಬಿಸಿಯಲ್ಲಿ ಶುರುವಾಗಿ 1969ರಲ್ಲಿ ನಿಂತುಹೋಯಿತು. ಒಟ್ಟು 79 ಕಂತುಗಳು. ಮೂರನೆಯ ವರ್ಷ ಅದನ್ನು ಶುಕ್ರವಾರ ರಾತ್ರಿ ಹತ್ತಕ್ಕೆ ತಳ್ಳಿದ್ದರಿಂದ ಎಳೆಯ ನೋಡುಗರು ಕೈತಪ್ಪಿದರು. ಅದಕ್ಕೆ ಮರುಹುಟ್ಟು ಕೊಟ್ಟವು ಅಲ್ಲಿನ ಸ್ಥಳೀಯ ಕೇಂದ್ರಗಳು. ಹಳೆಯ ಕಂತುಗಳನ್ನು ಕೊಂಡು, ಮಕ್ಕಳು ಶಾಲೆಯಿಂದ ಮನೆಗೆ ಬಂದಿರುವ ಸಂಜೆಯ ಹೊತ್ತಿಗೆ ದಿನವೂ ಹಾಕಿದವು. ಬ್ರಿಟನ್ನಿನ ಐಟಿವಿಯಲ್ಲೂ ಪ್ರಾಂತೀಯ ಕಂಪನಿಗಳು 1975ರಲ್ಲಿ 'ಸ್ಪೇಸ್: 1999' ಅನ್ನು ತಮತಮಗೆ ಒಪ್ಪುವ ವಾರ, ವೇಳೆಗಳಲ್ಲಿ ತೋರಿಸಿದವು. ಅಲ್ಲಿ ಸ್ಥಳೀಯ ಕೇಂದ್ರವೆಂದರೆ ತನ್ನ ಊರಿನ ನೋಡುಗರ ದಿನಚರಿ ಬಲ್ಲ ಸಂಸ್ಥೆ.

ನಮ್ಮಲ್ಲಿ 'ಕೇಂದ್ರ' ಎಂಬ ಹೆಸರಿತ್ತೇ ಹೊರತು ಆ ಅಧಿಕಾರ ಇರಲಿಲ್ಲ. 1982ರ ಆಗಸ್ಟ್ 15ರಂದು ರಾಷ್ಟ್ರೀಯ ಕಾರ್ಯಕ್ರಮ ಮೊದಲಾಯಿತು. ಮರುವರ್ಷ ಇನ್ಸಾಟ್-1ಬಿ ಉಪಗ್ರಹ ಆಕಾಶಕ್ಕೇರಿತು. 1984ರಲ್ಲಿ ದೇಶದುದ್ದಗಲಕ್ಕೆ ಮರುಪ್ರಸಾರ ಕೇಂದ್ರಗಳು ಎದ್ದವು. ಸಣ್ಣ ಪಟ್ಟಣಗಳಿಗೆ ಟಿ.ವಿ. ತಂದ ಇಂಥ ಅಲ್ಪಶಕ್ತಿ ಕೇಂದ್ರದಲ್ಲಿ ಇರುತ್ತಿದ್ದುದು ಒಂದು ದೊಡ್ಡ ಡಿಶ್, ಒಂದು ಕಂಬ, ಸುಮಾರು 100 ವಾಟ್‌ನ ಟ್ರಾನ್ಸ್‌ಮಿಟರ್, ಪಾಳಿಯ ಮೇಲೆ ಕೂರುವ ತಂತ್ರಜ್ಞರು. ಸ್ಟುಡಿಯೊ ಇಲ್ಲ, ಕ್ಯಾಮೆರಾ ಇಲ್ಲ, ಕಾರ್ಯಕ್ರಮ ಬದಲಿಸುವ ಹಕ್ಕಿಲ್ಲ. ಉಪಗ್ರಹದಿಂದ ಬಂದದ್ದನ್ನು ಹಿಡಿದು ಹತ್ತಿಪ್ಪತ್ತು ಕಿಲೋಮೀಟರ್ ಸುತ್ತಮುತ್ತಲಿಗೆ ಬಿಡುವುದಷ್ಟೇ ಅದರ ಕೆಲಸ. ವಿಶೇಷವೆಂದರೆ, 1983ರ ಆಗಸ್ಟ್ 30ರಂದು ಇನ್ಸಾಟ್-1ಬಿಯನ್ನು ಹೊತ್ತು ಮೇಲೇರಿದ್ದು ಅಮೆರಿಕದ ಚಾಲೆಂಜರ್ ವ್ಯೋಮನೌಕೆ. 'ಸ್ಟಾರ್ ಟ್ರೆಕ್'ನ ವ್ಯೋಮನೌಕೆಯ ಕಥೆ ನಮ್ಮ ಹಳ್ಳಿ ತಲುಪಿದ್ದೇ ನಿಜವಾದ ವ್ಯೋಮನೌಕೆಯ ಉಪಕಾರದಿಂದ. ಇನ್ಸಾಟ್‌ಗಳ ನಿಯಂತ್ರಣ ಕೇಂದ್ರವಿದ್ದದ್ದು ಹಾಸನದಲ್ಲಿ. ಉಪಗ್ರಹದ ಲಗಾಮು ಕನ್ನಡ ನೆಲದಲ್ಲಿದ್ದರೂ ಅದು ಹೊತ್ತು ತಂದ ರಾಷ್ಟ್ರೀಯ ಕಾರ್ಯಕ್ರಮದ ಮಾತು ಹಿಂದಿ, ಇಂಗ್ಲಿಷ್.

ದೂರದರ್ಶನದ ಮುಖ್ಯ ಕಚೇರಿಯಾದ ದಿಲ್ಲಿಯ ಮಂಡಿ ಹೌಸಿನ ಪಟ್ಟಿಯಲ್ಲಿ ಸಂಜೆ, ರಾತ್ರಿಯ ಬೆಲೆಬಾಳುವ ಹೊತ್ತು ವಾರ್ತೆಗೂ ಹಿಂದಿ ಧಾರಾವಾಹಿಗೂ ಮೀಸಲಾಯಿತು. 1984ರ ಜುಲೈ 7ರಂದು ಶುರುವಾದ 'ಹಮ್ ಲೋಗ್' ಆ ದಾರಿ ತೆರೆಯಿತು. ಇಂಗ್ಲಿಷ್ ಧಾರಾವಾಹಿಗೆ ಹೆಚ್ಚಾಗಿ ಉಳಿದದ್ದು ರಜೆಯ ಬೆಳಗು. ಇಂಗ್ಲಿಷ್ ಬಲ್ಲ ನಗರದ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಹಂಚಿಕೆ ಇದು. 1987ರ ಜನವರಿ 25ರಂದು 'ರಾಮಾಯಣ' ಭಾನುವಾರದ ಬೆಳಗನ್ನು ಆವರಿಸಿದ ಮೇಲೆ ಆ ಹೊತ್ತಿನ ಸ್ವರೂಪವೇ ಬದಲಾಯಿತು. ಭಾನುವಾರದ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಚಲನಚಿತ್ರಕ್ಕೆ ಸರದಿ ಇತ್ತು; ಕನ್ನಡದ ಪಾಳಿ ಬರಲು ತಿಂಗಳುಗಟ್ಟಲೆ ಕಾಯಬೇಕಿತ್ತು. 1950ರಿಂದ ಧಾರವಾಡ ಆಕಾಶವಾಣಿಯ ಕನ್ನಡ ಕೇಳುತ್ತ ಬಂದಿದ್ದ ಸೀಮೆಗೆ ಟಿ.ವಿ. ಬಂದದ್ದು ಹೀಗೆ, ಭಾಷೆಯ ಲೆಕ್ಕದಲ್ಲಿ ಒಂದು ಹೆಜ್ಜೆ ಹಿಂದಕ್ಕೆ.

ದಿಲ್ಲಿಯ ಪಟ್ಟಿ ಒಂದೇ ಆಗಿದ್ದರೂ ನಾಲ್ಕು ಊರುಗಳಿಗೆ ಅದು ಒಂದೇ ಬಗೆಯಲ್ಲಿ ತಲುಪುವಂತಿರಲಿಲ್ಲ. ಟಿ.ವಿ.ಯ ಅಲೆ ನೇರ ದಾರಿಯಲ್ಲಿ ಸಾಗುವಂಥದ್ದು. ಗುಡ್ಡ ಅಡ್ಡ ಬಂದರೆ ಚಿತ್ರವಿಲ್ಲ, ಇಲ್ಲವೇ ಒಂದರ ಪಕ್ಕ ಇನ್ನೊಂದು ನೆರಳು. ಹಳಿಯಾಳ, ಮುಂಡಗೋಡಗಳ ಪೂರ್ವಭಾಗ ಹುಬ್ಬಳ್ಳಿ-ಧಾರವಾಡದ ಕಡೆಗೆ ತೆರೆದುಕೊಂಡ ಅರೆಮಲೆನಾಡು. ಅಲ್ಲಿ ಎತ್ತರದ ಗಳಕ್ಕೆ ಆಂಟೆನಾ ಕಟ್ಟಿ ಬೂಸ್ಟರ್ ಹಾಕಿದರೆ ಚಿತ್ರ ಹಿಡಿಯುವ ಅನುಕೂಲ ಹೆಚ್ಚು. ಜೋಯಿಡಾ ಅದಕ್ಕೆ ತೀರ ವಿರುದ್ಧ. ಕಣಿವೆಯೊಳಗೆ ಚದುರಿದ ಕುಣಬಿ ಸಮುದಾಯದ ಕೇರಿಗಳಿಗೆ ಸಿಗ್ನಲ್ಲಿಗಿಂತ ಮೊದಲು ಬೇಕಾದದ್ದು ಕರೆಂಟು. ಸೂಪಾ ಅಣೆಕಟ್ಟಿಗಾಗಿ ಇದೇ ತಾಲ್ಲೂಕಿನ ಊರುಗಳು ಮುಳುಗಿದವು, ಕಾಳಿ ನದಿಯ ನೀರಿನಿಂದ ಅಂಬಿಕಾನಗರದ ನಾಗಝರಿ ಯಂತ್ರಾಗಾರ ರಾಜ್ಯಕ್ಕೆಲ್ಲ ಬೆಳಕು ಕೊಟ್ಟಿತು; ಆ ನದಿಯ ದಂಡೆಯ ಹಲವು ಹಳ್ಳಿಗಳಿಗೆ ಮಾತ್ರ ತಂತಿ ತಲುಪಿದ್ದು ಬಹಳ ತಡವಾಗಿ. ಮಾಧ್ಯಮದ ಚರಿತ್ರೆ ಬರೆಯುವಾಗ ಈ ಅನ್ಯಾಯವನ್ನು ಅಡಿಟಿಪ್ಪಣಿಗೆ ತಳ್ಳುವುದು ಸಲ್ಲದು. ನೋಡುಗನಿಗೆ ಪ್ರಸಾರವಿದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸಿದ್ದು ಇದೇ.

ದಾಂಡೇಲಿಯ ಸ್ಥಿತಿ ಬೇರೆ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್‌ನ ಸುತ್ತ ಬೆಳೆದ ಪಟ್ಟಣ ಅದು. ಗಿರಣಿಯ ವಸತಿ ಬಡಾವಣೆಯಾದ ಬಂಗೂರನಗರದಲ್ಲಿ ಹಲವು ರಾಜ್ಯಗಳಿಂದ ಬಂದ ಕುಟುಂಬಗಳಿದ್ದವು. ಅವರಿಗೆ ಹಿಂದಿ ಅಪರಿಚಿತವಲ್ಲ. ಹಳಿಯಾಳದ ಪೇಟೆಯಲ್ಲಿ ಮರಾಠಿ, ಕೊಂಕಣಿ, ಉರ್ದು, ಕನ್ನಡ ಬೆರೆತಿದ್ದವು. ಸಿದ್ದಿ ಸಮುದಾಯದವರಿಗೆ ಅವರದೇ ಬಗೆಯ ಕೊಂಕಣಿ ಇತ್ತು. ಮುಂಡಗೋಡದಲ್ಲಿ 1966ರಿಂದ ನೆಲೆಗೊಂಡ ಟಿಬೆಟನ್ನರಿದ್ದರು. ಇಷ್ಟು ಮನೆಮಾತುಗಳ ನಡುವೆ 'ಸ್ಟಾರ್ ಟ್ರೆಕ್'ನ ಇಂಗ್ಲಿಷ್ ಬಹುಪಾಲು ಜನರಿಗೆ ಸಮನಾಗಿ ದೂರ. ಹೀಗಾಗಿ ಈ ಸೀಮೆಯಲ್ಲಿ ಅದನ್ನು ಮಾತಿಗಿಂತ ಹೆಚ್ಚಾಗಿ ಚಿತ್ರವೇ ನಡೆಸಿರಬೇಕು. ಮಾತೇ ಮುಖ್ಯವಾದ ಆ ಧಾರಾವಾಹಿಗಿಂತ, ದೈತ್ಯ ಯಂತ್ರಮಾನವ ರಾಕ್ಷಸರೊಡನೆ ಕಾದಾಡುವ ಜಪಾನಿನ 'ಜೈಂಟ್ ರೋಬೋ' ಮಕ್ಕಳ ನೆನಪಿನಲ್ಲಿ ಗಟ್ಟಿಯಾಗಿ ಉಳಿದಿದ್ದರೆ ಆಶ್ಚರ್ಯವಿಲ್ಲ. ಆ ಜಪಾನಿ ಕಥೆ ನಮಗೆ ಬಂದದ್ದು ಅಮೆರಿಕದಲ್ಲಿ ಇಂಗ್ಲಿಷಿಗೆ ಡಬ್ ಆದ ಮೇಲೆ ಎಂಬುದನ್ನು ಇಲ್ಲಿ ಗಮನಿಸಬೇಕು.

1990ರ ದಶಕದಲ್ಲಿ ಕೇಬಲ್ ಬಂದಾಗ ಮೊದಲ ಸಲ ಊರಲ್ಲೇ ಒಬ್ಬ ವೇಳಾಪಟ್ಟಿಯ ಒಡೆಯ ಹುಟ್ಟಿದ. ಅಂದಿನ ಸೆಟ್ಟುಗಳಲ್ಲಿ ಹಿಡಿಯಬಹುದಾಗಿದ್ದ ಚಾನೆಲ್‌ಗಳು ಕೆಲವೇ. ಯಾವ ಚಾನೆಲ್ ಸ್ಪಷ್ಟವಾಗಿ ಕಾಣುವ ಬ್ಯಾಂಡಿನಲ್ಲಿ, ಯಾವುದು ಹಳೆಯ ಸೆಟ್ಟಿಗೆ ಸಿಗದ ಬ್ಯಾಂಡಿನಲ್ಲಿ ಎಂಬುದು ಕೇಬಲ್ಲಿನವರ ಆಯ್ಕೆ. 1995ರ ಕೇಬಲ್ ಕಾಯಿದೆ ದೂರದರ್ಶನವನ್ನು ಕಡ್ಡಾಯ ಮಾಡಬೇಕಾಗಿ ಬಂದದ್ದೇ ಈ ಆಯ್ಕೆಗೆ ಎಷ್ಟು ಬಲವಿತ್ತು ಎಂಬುದಕ್ಕೆ ಸಾಕ್ಷಿ. 1994ರ ಜೂನ್‌ನಲ್ಲಿ ಉದಯ ಟಿ.ವಿ. ಬಂದಿತು. ಕನ್ನಡ ಸಿನಿಮಾ, ಕನ್ನಡ ಧಾರಾವಾಹಿ ದಿನವೂ ಸಿಕ್ಕವು. ಆದರೆ ಯಂತ್ರಹುಡುಗಿಯ ಕಥೆ 'ಸ್ಮಾಲ್ ವಂಡರ್' ಹಳಿಯಾಳದ ಮಗುವಿನೊಡನೆ ಹಿಂದಿಯಲ್ಲೇ ಮಾತಾಡಿತು. ಮನೆಮನೆಗೆ ತಂತಿ ಎಳೆಯುವ ಈ ವ್ಯಾಪಾರ ಜೋಯಿಡಾದ ಒಂಟಿಮನೆಗಳಿಗೆ ಗಿಟ್ಟುವಂಥದ್ದಲ್ಲ. ಅವರ ಪಾಲಿಗೆ ಆಯ್ಕೆ ಬಂದದ್ದು ತಾರಸಿಯ ಸಣ್ಣ ಡಿಶ್ಶಿನ ಕಾಲಕ್ಕೆ.

ವಿಜ್ಞಾನಕಥೆ ಕನ್ನಡದಲ್ಲಿ ಏಕೆ ಮಾತಾಡಲಿಲ್ಲ? ಡಬ್ಬಿಂಗ್ ಕೂಡದೆಂಬ ಅಲಿಖಿತ ಕಟ್ಟಳೆಯೇ ಮುಖ್ಯ ಕಾರಣ. ಕನ್ನಡ ಚಿತ್ರೋದ್ಯಮ ಕೂಸಾಗಿದ್ದಾಗ ಆ ನಿರ್ಬಂಧಕ್ಕೆ ಅರ್ಥವಿತ್ತು; ಅಂದು ಹೋರಾಡಿದವರ ಕಾಳಜಿ ನಿಜವಾದದ್ದು. ಆದರೆ ನಾವೇ ತಯಾರಿಸದ, ತಯಾರಿಸಲು ಹಣವೂ ಇಲ್ಲದ ಪ್ರಕಾರಕ್ಕೂ ಅದನ್ನು ಅನ್ವಯಿಸಿದ್ದು ದೊಡ್ಡ ತಪ್ಪು. 'ಜುರಾಸಿಕ್ ಪಾರ್ಕ್' 1994ರಲ್ಲೇ ಹಿಂದಿಯಲ್ಲಿ ಬಂತು. ಕನ್ನಡದ ಮಕ್ಕಳಿಗೆ ತಮ್ಮ ಭಾಷೆಯ ಕಾರ್ಟೂನ್ ವಾಹಿನಿ ಸಿಕ್ಕಿದ್ದು 2009ರಲ್ಲಿ, ಚಿಂಟು ಟಿ.ವಿ.ಯ ಮೂಲಕ. 2012ರಲ್ಲಿ ಹಿಂದಿ ಟಿ.ವಿ. ಕಾರ್ಯಕ್ರಮ 'ಸತ್ಯಮೇವ ಜಯತೇ' ಕನ್ನಡದಲ್ಲಿ ಪ್ರಸಾರವಾಗದಂತೆ ತಡೆಯಲಾಯಿತು. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆಯನ್ನು ಕಾನೂನುಬಾಹಿರವೆಂದು ತೀರ್ಮಾನಿಸಿತು. 2022ರ ಡಿಸೆಂಬರ್‌ನಲ್ಲಿ 'ಅವತಾರ್' ಚಿತ್ರದ ಎರಡನೆಯ ಭಾಗ ಕನ್ನಡದಲ್ಲೂ ತೆರೆಕಂಡಿತು. 'ಸ್ಟಾರ್ ಟ್ರೆಕ್' ನೋಡಿದ ಮಕ್ಕಳು ಅಷ್ಟು ಹೊತ್ತಿಗೆ ನಡುವಯಸ್ಸು ಮುಟ್ಟಿದ್ದರು. ಗ್ರಹ, ತಾರೆ, ಯಂತ್ರಗಳ ಬಗೆಗಿನ ಕುತೂಹಲವನ್ನು ಒಂದು ಇಡೀ ತಲೆಮಾರು ತನ್ನದಲ್ಲದ ಮಾತಿನಲ್ಲಿ ಬೆಳೆಸಿಕೊಳ್ಳಬೇಕಾಯಿತು. ಇದರಿಂದ ಹೆಚ್ಚು ಕಳೆದುಕೊಂಡದ್ದು ಬೆಂಗಳೂರಲ್ಲ; ಬೇರೆ ದಾರಿಯಿಲ್ಲದ ಇಂಥ ಅಂಚಿನ ತಾಲ್ಲೂಕುಗಳು.

ಅನಲಾಗ್ ಮರುಪ್ರಸಾರ ಕೇಂದ್ರಗಳನ್ನು ಪ್ರಸಾರ ಭಾರತಿ 2022ರ ಹೊತ್ತಿಗೆ ಬಹುಪಾಲು ಮುಚ್ಚಿದೆ. ಅಲ್ಲಿ ಪಾಳಿಯವರು ಬರೆದ ಲಾಗ್ ಪುಸ್ತಕಗಳು, ಕೇಬಲ್ ಕಚೇರಿಗಳ ಚಾನೆಲ್ ಪಟ್ಟಿಗಳು, ಹುಬ್ಬಳ್ಳಿಯ ಪತ್ರಿಕೆಗಳ ಟಿ.ವಿ. ಅಂಕಣಗಳು ಈ ಚರಿತ್ರೆಯ ಮೂಲದಾಖಲೆಗಳು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯಗಳು ಅವನ್ನು ರದ್ದಿಗೆ ಹೋಗಲು ಬಿಡದೆ ಸಂಗ್ರಹಿಸಬೇಕು. ಆ ಪಾಳಿಯಲ್ಲಿ ದುಡಿದವರು, ತಂತಿ ಎಳೆದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತನ್ನು ಈಗಲೇ ದಾಖಲಿಸಿಕೊಳ್ಳಬೇಕು.