ಹಿಡಿಧಾನ್ಯದ ಧರ್ಮಪಾಠ

ಅಂದಿನ ಅಡಿಗೆಗೆಂದು ಅಕ್ಕಿಯನ್ನೋ ಜೋಳವನ್ನೋ ಮೊರಕ್ಕೆ ಸುರಿದುಕೊಂಡ ಮನೆಯಾಕೆ, ಅದನ್ನು ಹಸನುಮಾಡಿ ಒಲೆಗೋ ಬೀಸುವ ಕಲ್ಲಿಗೋ ಒಯ್ಯುವ ಮುನ್ನ, ಅದರಿಂದ ಒಂದು ಹಿಡಿಯನ್ನೆತ್ತಿ, ಮಾತಿನಲ್ಲೋ ಮನಸ್ಸಿನಲ್ಲೋ ಒಂದು ಪ್ರಾರ್ಥನೆಯನ್ನು ಹೇಳಿಕೊಂಡು, ಗೋಡೆಯ ಮೂಲೆಯಲ್ಲಿಟ್ಟ ಗಡಿಗೆಗೆ ಹಾಕುವಳು. ಹೀಗೆ ಕೂಡಿದ ಧಾನ್ಯವು ಭಾನುವಾರದ ಆರಾಧನೆಯಲ್ಲಿ ಊರ ಸಭೆಯ ಕಾಣಿಕೆಯಾಗಿ ದೇವರ ಸನ್ನಿಧಿಗೆ ಬಂದು ಸೇರುವುದು. ಹೈದರಾಬಾದು ಸಂಸ್ಥಾನದ ಪೂರ್ವಭಾಗದಲ್ಲಿ, ದೋರ್ನಕಲ್ಲಿನ ಸುತ್ತಣ ಹಳ್ಳಿಗಳ ಕ್ರೈಸ್ತ ಗೃಹಗಳಲ್ಲಿ, ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬೇರೂರಿದ ಈ ಪದ್ಧತಿಯನ್ನು ಮಿಷನ್ನಿನ ಚರಿತ್ರಕಾರರು ಸಾಮಾನ್ಯವಾಗಿ ಸಭೆಯ ಆದಾಯದ ಪ್ರಕರಣದಲ್ಲಿ ಸೇರಿಸಿ, ಎರಡು ಮೆಚ್ಚುಮಾತುಗಳನ್ನಾಡಿ ಮುಂದೆ ಸಾಗುತ್ತಾರೆ. ಅದರ ನಿಜವಾದ ಸ್ಥಾನವು ಶಿಕ್ಷಣದ ಪ್ರಕರಣದಲ್ಲಿದೆಯೆಂದು ನನ್ನ ಮತ. ಓದುಬರಹವಿಲ್ಲದ, ಬಿಡುವೂ ಇಲ್ಲದ ಒಂದು ಜನಸಮುದಾಯಕ್ಕೆ ಧರ್ಮವನ್ನು ಕಲಿಸಹೊರಟವರು, ಆ ಜನ ಹೇಗಿದ್ದರೂ ಮಾಡಲೇಬೇಕಾದ ನಿತ್ಯಕರ್ಮಗಳಿಗೇ ಪಾಠವನ್ನು ಗಂಟುಹಾಕಿದ ಬಗೆ ಅದು.

ಅಂದಿನ ಸಂಸ್ಥಾನದ ಸ್ಥಿತಿಯನ್ನು ನೆನೆಯದೆ ಈ ಮಾತಿನ ಸಾರ ತಿಳಿಯದು. ತೆಲುಗು, ಮರಾಠಿ, ಕನ್ನಡಗಳೆಂಬ ಮೂರು ನುಡಿಗಳ ಪ್ರಜೆಗಳನ್ನು ಉರ್ದುವಿನಲ್ಲಿ ಆಳುತ್ತಿದ್ದ ಆ ವಿಶಾಲ ರಾಜ್ಯದಲ್ಲಿ, ೧೯೦೧ರ ಜನಗಣತಿಯ ಹೊತ್ತಿಗೆ ಅಕ್ಷರ ಬಲ್ಲವರು ನೂರಕ್ಕೆ ಹೆಚ್ಚುಕಡಮೆ ಮೂವರು. ಹೆಂಗಸರನ್ನು ಮಾತ್ರವೇ ಎಣಿಸಿದರೆ ನೂರಕ್ಕೆ ಒಬ್ಬಳೂ ಇರಲಿಲ್ಲ. ಕ್ರೈಸ್ತಮತವನ್ನು ಗುಂಪುಗುಂಪಾಗಿ ಸೇರಿದವರಾದರೋ ಬಹುತೇಕ ಮಾಲ ಮತ್ತು ಮಾದಿಗ ಸಮುದಾಯಗಳವರು. ಹಗಲೆಲ್ಲ ದೇಶಮುಖರ, ಜಾಗೀರುದಾರರ ಹೊಲಗಳಲ್ಲಿ ದುಡಿದು, ಕರೆ ಬಂದಾಗ ಬಿಟ್ಟಿಚಾಕರಿಗೂ ಓಡಬೇಕಾಗಿದ್ದ ಈ ಜನಕ್ಕೆ ಕೂಲಿಯು ನಾಣ್ಯದಲ್ಲಿ ದೊರೆಯುವುದಕ್ಕಿಂತ ಧಾನ್ಯದಲ್ಲಿ ದೊರೆಯುವುದೇ ಹೆಚ್ಚಾಗಿತ್ತು. ಇವರ ಕೈಗೆ ಪುಸ್ತಕವನ್ನಿತ್ತರೆ ಓದುವವರಿಲ್ಲ. ಕಾಸಿನ ಕಾಣಿಕೆಯನ್ನು ಕೇಳಿದರೆ ಕಾಸಿಲ್ಲ. ಇದ್ದದ್ದು ಧಾನ್ಯ, ಒಲೆ, ದೀಪ, ಮಕ್ಕಳು ಮತ್ತು ರಾತ್ರಿಯ ಒಂದೆರಡು ಗಳಿಗೆ.

ಈ ಸಲಕರಣೆಗಳಿಂದಲೇ ಒಂದು ಸಭೆಯನ್ನು ಕಟ್ಟಬಹುದೆಂದು ನಂಬಿದವರಲ್ಲಿ ಅಗ್ರಗಣ್ಯರು ವೇದನಾಯಗಂ ಸಾಮ್ಯುವೆಲ್ ಅಜರಾಯ. ೧೮೭೪ರಲ್ಲಿ ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಗ್ರಾಮದಲ್ಲಿ ಹಳ್ಳಿಯ ಸಭಾಪಾಲಕರೊಬ್ಬರ ಮಗನಾಗಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ತಾಯಿಯ ಶಿಸ್ತಿನಲ್ಲಿ ಬೆಳೆದು, ಮದರಾಸಿನಲ್ಲಿ ಓದಿ, ವೈ.ಎಂ.ಸಿ.ಎ. ಸಂಸ್ಥೆಯ ಕಾರ್ಯದರ್ಶಿಯಾಗಿ ದೇಶವನ್ನು ಸುತ್ತಿದ ಈ ತಮಿಳರು, ಪಟ್ಟಣದ ಪ್ರತಿಷ್ಠೆಯನ್ನು ಬಿಟ್ಟು ೧೯೦೯ರಲ್ಲಿ ದೋರ್ನಕಲ್ಲೆಂಬ ರೈಲ್ವೆ ಜಂಕ್ಷನ್ನಿಗೆ ಬಂದು ತೆಲುಗನ್ನು ಹೊಸದಾಗಿ ಕಲಿತುಕೊಂಡರು. ೧೯೧೨ರ ಡಿಸೆಂಬರ್ ೨೯ರಂದು ಕಲ್ಕತ್ತೆಯಲ್ಲಿ ಅವರಿಗೆ ಅಭಿಷೇಕವಾದಾಗ, ಆಂಗ್ಲಿಕನ್ ಸಭೆಯು ಭಾರತೀಯನೊಬ್ಬನನ್ನು ಬಿಷಪ್ಪನನ್ನಾಗಿ ಮಾಡಿದ್ದು ಅದೇ ಮೊದಲು. ಅವರ ಪತ್ನಿ ಅನ್ಬು ಮರಿಯಮ್ಮಾಳ್, ದಕ್ಷಿಣದ ಕ್ರೈಸ್ತ ಸ್ತ್ರೀಯರಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದ ಮೊದಲಿಗರೊಳಗೆ ಒಬ್ಬರು; ೧೮೯೮ರಲ್ಲಿ ನಡೆದ ಇವರ ಮದುವೆಯಲ್ಲಿ ವರದಕ್ಷಿಣೆಯ ಸೋಂಕೂ ಇರಲಿಲ್ಲ. ಇಂಗ್ಲೆಂಡಿನಲ್ಲಿ ಮೇರಿ ಸಮ್ನರ್ ಎಂಬಾಕೆ ೧೮೭೬ರಲ್ಲಿ ಆರಂಭಿಸಿದ ತಾಯಂದಿರ ಸಂಘವನ್ನು ದೋರ್ನಕಲ್ಲಿನ ಹಳ್ಳಿಗಳಲ್ಲಿ ನೆಲೆಗೊಳಿಸಿದ ಶ್ರಮದಲ್ಲಿ ಅನ್ಬು ಅವರ ಪಾಲು ದೊಡ್ಡದು. ಬಿಷಪ್ಪರ ಹೆಸರು ಗ್ರಂಥಗಳಲ್ಲಿ ಹೊಳೆಯುತ್ತದೆ; ಆದರೆ ಅಡಿಗೆಮನೆಯ ಹೊಸ್ತಿಲೊಳಗೆ ಅವರ ಉಪದೇಶ ಕಾಲಿಟ್ಟಿದ್ದರೆ ಅದು ಈ ತಾಯಂದಿರ ಮೂಲಕವೇ ಹೊರತು ಬೇರೆ ದಾರಿಯಿರಲಿಲ್ಲ.

ಬಡವನು ಕೊಡಲಾರನೆಂಬ ಮಾತನ್ನು ಅಜರಾಯರು ಒಪ್ಪುತ್ತಿರಲಿಲ್ಲ. ಕ್ರೈಸ್ತನ ದಾನಧರ್ಮವನ್ನು ಕುರಿತು ಪುಸ್ತಕವನ್ನೇ ಬರೆದ ಅವರು, ಪರದೇಶದ ಹಣದಿಂದ ನಡೆಯುವ ಸಭೆಯು ಪರದೇಶದ್ದಾಗಿಯೇ ಉಳಿಯುವುದೆಂದು ಅಂಜುತ್ತಿದ್ದರು. ೧೯೩೫ರ ಹೊತ್ತಿಗೆ ಅವರ ಅಧೀನದಲ್ಲಿ ಭಾರತೀಯ ಗುರುಗಳೇ ಸುಮಾರು ೨೫೦ ಮಂದಿಯೂ ಹಳ್ಳಿಯ ಉಪಾಧ್ಯಾಯರು ೨,೦೦೦ಕ್ಕೂ ಮೇಲ್ಪಟ್ಟೂ ಇದ್ದರು. ಇಷ್ಟು ದೊಡ್ಡ ಸಂಸಾರಕ್ಕೆ ಹಿಡಿಧಾನ್ಯವೊಂದೇ ಸಾಕಾಗುತ್ತಿತ್ತೆಂದು ಯಾರೂ ಭ್ರಮಿಸಬೇಕಾಗಿಲ್ಲ. ಗಡಿಗೆಯ ಪ್ರಯೋಜನ ಬೇರೆ. ದಿನವೂ ಒಂದೇ ಹೊತ್ತಿನಲ್ಲಿ, ಹಸಿದ ಮಕ್ಕಳ ಕಣ್ಣೆದುರಿಗೆ, ಉಣ್ಣಬಹುದಾಗಿದ್ದ ಧಾನ್ಯದಲ್ಲಿ ಒಂದು ಹಿಡಿಯನ್ನು ಅಮ್ಮ ತೆಗೆದಿಡುವಾಗ, ಆಕೆ ಬಾಯಿಬಿಟ್ಟು ಹೇಳದಿದ್ದರೂ, ಏಕೆಂಬ ಪ್ರಶ್ನೆಯು ಮಗುವಿನ ಬಾಯಿಂದ ಬಂದೇ ಬರುವುದು. ಪ್ರಶ್ನೆ ಬಂದಲ್ಲಿ ಪಾಠವು ಅರ್ಧ ಮುಗಿದಂತೆ.

ಆರಾಧನೆಯಾದರೂ ಅಷ್ಟೇ. ಹೊಲದಿಂದ ಮರಳಿ, ಗಂಜಿಯನ್ನೋ ರೊಟ್ಟಿಯನ್ನೋ ಉಂಡಾದ ಮೇಲೆ, ರಾತ್ರಿಯಲ್ಲಿ ಕೇರಿಯ ಜನರೆಲ್ಲ ಉಪಾಧ್ಯಾಯನ ಮನೆಯೆದುರಿಗೋ ಶಾಲೆಯ ಗುಡಿಸಲಿನಲ್ಲೋ ಕೂಡುವರು. ಕೈಗೂಸುಗಳು ಮಡಿಲಲ್ಲಿ ಮಲಗಿರುವಂತೆಯೇ ದೊಡ್ಡವರು ಕರ್ತನ ಪ್ರಾರ್ಥನೆಯನ್ನೂ ವಿಶ್ವಾಸಪ್ರಮಾಣವನ್ನೂ ಹತ್ತು ಆಜ್ಞೆಗಳನ್ನೂ ಒಬ್ಬರ ಬಾಯಿಂದ ಕೇಳಿ ಎಲ್ಲರೂ ಮರುನುಡಿದು ಕಂಠಪಾಠ ಮಾಡುವರು. ದೀಕ್ಷಾಸ್ನಾನವನ್ನು ಹೊಂದಿದವರು ತಂತಮ್ಮ ತಲೆಯ ಮೇಲೆ ಕೈಯಿಟ್ಟುಕೊಂಡು, ತಾವು ಈ ಸುವಾರ್ತೆಯನ್ನು ಇತರರಿಗೆ ತಿಳಿಸದಿದ್ದರೆ ತಮಗೆ ಕೇಡೆಂದು ನುಡಿಯಬೇಕೆಂಬುದು ಅಜರಾಯರ ಕಟ್ಟಳೆ. ಅಂದಂದಿನ ಆಹಾರವನ್ನು ಅಂದಂದಿಗೆ ಬೇಡುವ ಪ್ರಾರ್ಥನೆಗೆ ಪಟ್ಟಣಗಳ ಪೀಠಗಳಲ್ಲಿ ಪಂಡಿತರು ಎಷ್ಟೆಲ್ಲ ಆಧ್ಯಾತ್ಮಿಕಾರ್ಥಗಳನ್ನು ಹೇಳಿರಬಹುದು! ಸಂಜೆಯ ಕೂಲಿಧಾನ್ಯದಿಂದ ರಾತ್ರಿಯ ಅಡಿಗೆಯನ್ನು ಮಾಡುವವಳಿಗೆ ಅದಕ್ಕೆ ಭಾಷ್ಯ ಬೇಕಾಗಿರಲಿಲ್ಲ.

ಯೇಸುವಿನ ದೃಷ್ಟಾಂತಗಳೂ ಈ ನೆಲದಲ್ಲಿ ಬೇಗ ಅಂಟಿಕೊಂಡದ್ದಕ್ಕೆ ಇಂಥದೇ ಕಾರಣವುಂಟು. ಒಂದು ನಾಣ್ಯವನ್ನು ಕಳೆದುಕೊಂಡು ದೀಪ ಹಚ್ಚಿ ಮನೆಯನ್ನೆಲ್ಲ ಗುಡಿಸಿ ಹುಡುಕುವ ಹೆಂಗಸು, ಒಂದೇ ಕಲ್ಲಿನ ಎದುರುಬದುರು ಕುಳಿತು ಬೀಸುವ ಇಬ್ಬರು, ಹಳೆಯ ಬಟ್ಟೆಗೆ ಹಾಕಿದ ಹೊಸ ತೇಪೆ, ನಡುರಾತ್ರಿಯಲ್ಲಿ ನೆಂಟ ಬಂದನೆಂದು ನೆರೆಮನೆಯ ಬಾಗಿಲನ್ನು ತಟ್ಟಿ ರೊಟ್ಟಿಯನ್ನು ಕಡ ಕೇಳುವವನು, ಮರಿಗಳನ್ನು ರೆಕ್ಕೆಯಡಿಗೆ ಸೇರಿಸಿಕೊಳ್ಳುವ ಕೋಳಿ—ಇವೆಲ್ಲವೂ ಆಂಗ್ಲದೇಶದ ಕಾರ್ಖಾನೆಯೂರಿನ ಮಕ್ಕಳಿಗೆ ಚಿತ್ರ ತೋರಿಸಿ ವಿವರಿಸಬೇಕಾದ ಸಂಗತಿಗಳು. ವರಂಗಲ್ಲಿನ ಸೀಮೆಯಲ್ಲಾಗಲಿ ಬೀದರಿನ ಸೀಮೆಯಲ್ಲಾಗಲಿ ಬೀಸುವಾಗ ಕೈಗೆ ಬೊಬ್ಬೆ ಬಂದವರಿಗೆ ಅದನ್ನು ಯಾರು ವಿವರಿಸಬೇಕು? ಬೋಧಿಸಲು ಬಂದ ಬಿಳಿಯರಿಗಿಂತ ಕೇಳಲು ಕುಳಿತ ಕೂಲಿಯ ಹೆಂಗಸೇ ಆ ಗಲಿಲಾಯದ ಮನೆಗಳಿಗೆ ಹತ್ತಿರದವಳಾಗಿದ್ದಳು. ಈ ವಿಪರ್ಯಯವನ್ನು ಮಿಷನರಿಗಳಲ್ಲಿ ಸೂಕ್ಷ್ಮಮತಿಗಳಾದವರು ಅರಿತೇ ಇದ್ದರೆಂದು ತೋರುತ್ತದೆ. ಎಲ್ಲವೂ ಹೊಂದುತ್ತಿತ್ತೆಂದಲ್ಲ. ಮೂರು ಸೇರು ಹಿಟ್ಟಿನಲ್ಲಿ ಅಡಗಿಸಿಟ್ಟ ಹುಳಿಯು ಹಿಟ್ಟನ್ನೆಲ್ಲ ಉಬ್ಬಿಸಿತೆಂಬ ದೃಷ್ಟಾಂತವು, ನಾದಿದೊಡನೆಯೇ ತಟ್ಟಿ ಹೆಂಚಿಗೆ ಹಾಕುವ ಜೋಳದ ರೊಟ್ಟಿಯವರಿಗೆ ಏನನ್ನು ತಿಳಿಸೀತು? ಅಲ್ಲಿ ಹಾಲಿಗೆ ಹಾಕಿದ ಒಂದು ತೊಟ್ಟು ಹೆಪ್ಪೇ ಸರಿಯಾದ ಪಾಠ. ದ್ರಾಕ್ಷಾರಸವೂ ಅಂಜೂರವೂ ಹಾಗೆಯೇ ಕೇಳಿದ ಮಾತುಗಳಾಗಿ ಉಳಿದವು.

ಕನ್ನಡದ ಓದುಗನಿಗೆ ಇಷ್ಟರಲ್ಲಿಯೇ ಬೇರೊಂದು ಮನೆಯು ನೆನಪಾಗಿರಬೇಕು. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕವಾಗಿಸಿಕೊಂಡ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಹೊತ್ತು ತಂದಾಗ, ಅವನ ಹೆಂಡತಿ ಲಕ್ಕಮ್ಮ ಅದು ಲೋಭವೆಂದು ಗದರಿಸಿ ಮರಳಿ ಸುರಿದು ಬರುವಂತೆ ಕಳುಹಿದಳಷ್ಟೆ. ಕಲ್ಯಾಣವೂ ಅಮರೇಶ್ವರವೂ ತರುವಾಯ ನಿಜಾಮನ ಸಂಸ್ಥಾನದೊಳಗೇ ಸೇರಿದ್ದವು. ಹನ್ನೆರಡನೆಯ ಶತಮಾನದ ಶರಣೆಗೂ ಇಪ್ಪತ್ತನೆಯ ಶತಮಾನದ ಕ್ರೈಸ್ತ ಕೂಲಿಗಿತ್ತಿಗೂ ಪರಂಪರೆಯ ನಂಟನ್ನು ಕಲ್ಪಿಸುವುದು ಚರಿತ್ರೆಗೆ ಸಲ್ಲದು; ಒಬ್ಬಳು ಹೆಚ್ಚಿನದನ್ನು ಒಲ್ಲೆನೆಂದಳು, ಇನ್ನೊಬ್ಬಳು ಸಾಲದುದರಲ್ಲಿಯೇ ತೆಗೆದಿಟ್ಟಳು. ಮಠಗಳ ದಾಸೋಹಕ್ಕಾಗಿ ಮನೆಮನೆಯ ಹಿಡಿಧಾನ್ಯವನ್ನು ಎತ್ತುವ ವಾಡಿಕೆಯೂ, ಬಾಗಿಲಿಗೆ ಬಂದವರ ಜೋಳಿಗೆಗೆ ಮುಷ್ಟಿಭಿಕ್ಷೆಯನ್ನಿಕ್ಕುವ ವಾಡಿಕೆಯೂ ಈ ಸೀಮೆಯ ಹೆಂಗಸರ ಕೈಗೆ ಹೊಸದಾಗಿರಲಿಲ್ಲವೆಂಬುದಂತೂ ನಿಶ್ಚಯ. ಈಶಾನ್ಯದ ಮಿಜೋ ಬೆಟ್ಟಗಳಲ್ಲಿಯೂ ೧೯೧೦ರ ಸುಮಾರಿಗೆ ಕ್ರೈಸ್ತ ಸ್ತ್ರೀಯರು ಹೊತ್ತುಹೊತ್ತಿನ ಅಡಿಗೆಯಲ್ಲಿ ಒಂದು ಹಿಡಿ ಅಕ್ಕಿಯನ್ನು ತೆಗೆದಿಡತೊಡಗಿದರು.

 

ಸಂಸ್ಥಾನದ ಕನ್ನಡ ಜಿಲ್ಲೆಗಳ ಮಾತನ್ನು ಹೇಳದೆ ಬಿಟ್ಟರೆ ನಮ್ಮವರಿಗೆ ಅನ್ಯಾಯವಾದೀತು. ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಬಿಜಾಪುರದ ಆದಿಲಶಾಹಿ ಅರಸರ ಕಾಲದಿಂದಲೂ ಕಥೋಲಿಕರ ಒಂದು ಹಳೆಯ ಕನ್ನಡ ಸಮುದಾಯವಿದೆ; ಅದೂ ಲಿಂಗಸುಗೂರು ತಾಲ್ಲೂಕೇ, ಆಯ್ದಕ್ಕಿಯ ದಂಪತಿಗಳ ನೆರೆಯೂರೇ ಎಂಬುದು ಸ್ವಾರಸ್ಯದ ಸಂಗತಿ. ಅಂಥ ಮನೆಗಳಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಎಲ್ಲರೂ ಮೊಣಕಾಲೂರಿ ಜಪಸರವನ್ನು ಹೇಳುವುದೇ ಮಕ್ಕಳ ಮೊದಲ ಧರ್ಮಶಾಲೆ. ಬೀದರ, ಗುಲಬರ್ಗಾ ಕಡೆಗಳಲ್ಲಿ ಅಮೆರಿಕದಿಂದ ಬಂದ ಮೆಥಡಿಸ್ಟರು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ ಕನ್ನಡದಲ್ಲಿ ಬೋಧಿಸಿದರು. ಅವರ ಸಭೆಗಳಲ್ಲಿ ಕುಟುಂಬ ಪ್ರಾರ್ಥನೆಯೆಂಬುದು ಭಾನುವಾರದ ಆರಾಧನೆಯಷ್ಟೇ ಗಟ್ಟಿಯಾಗಿ ನೆಲೆನಿಂತಿತು.

ಈ ಗೃಹಧರ್ಮವು ವರ್ಷಕ್ಕೊಮ್ಮೆ ಮನೆಯನ್ನೇ ಹೊತ್ತುಕೊಂಡು ಹೊರಡುವ ಚಂದವನ್ನು ವಿಕಾರಾಬಾದಿನ ಬಳಿಯ ಧಾರೂರಿನಲ್ಲಿ ಕಾಣಬಹುದು. ೧೯೨೩ರಲ್ಲಿ ಆರಂಭವಾದ ಅಲ್ಲಿನ ಮೆಥಡಿಸ್ಟ್ ಜಾತ್ರೆಗೆ ಪ್ರತಿ ನವೆಂಬರಿನಲ್ಲಿಯೂ ತೆಲುಗರೂ ಕನ್ನಡಿಗರೂ ಸಂಸಾರ ಸಮೇತರಾಗಿ ಬಂದು, ಡೇರೆಗಳನ್ನು ಹೂಡಿ, ಮೂರು ಕಲ್ಲಿನ ಒಲೆಗಳನ್ನು ಹೊತ್ತಿಸಿ, ಹಲವು ದಿನ ಬಯಲಿನಲ್ಲಿ ವಾಸಿಸುತ್ತಾರೆ. ಕ್ರೈಸ್ತರಿಗೆ ಜಾತ್ರೆಯೆಂಬ ಹೆಸರೇ ಸಲ್ಲದೆನ್ನುವ ಕಟ್ಟುನಿಟ್ಟಿನವರೂ ಇದ್ದಾರು. ಆದರೆ ಮೈಲಾರಕ್ಕೂ ಗಾಣಗಾಪುರಕ್ಕೂ ಬುತ್ತಿ ಕಟ್ಟಿಕೊಂಡು ನಡೆದು ಬಲ್ಲ ಸೀಮೆಯ ಜನ ದೇವರ ವಾಕ್ಯವನ್ನು ಕೇಳಲು ಬೇರೆ ಯಾವ ರೀತಿಯಲ್ಲಿ ಕೂಡಬೇಕು? ೧೮೭೪ರಲ್ಲಿ ತೆರೆದ ವಾಡಿ–ಸಿಕಂದರಾಬಾದು ರೈಲುದಾರಿಯ ಮೇಲೆಯೇ ಧಾರೂರು ಇರುವುದರಿಂದ, ಗುಲಬರ್ಗಾ ಕಡೆಯವರು ವಾಡಿಯ ಮೂಲಕ ಸುಲಭವಾಗಿ ಬಂದಿಳಿಯಬಹುದಾಗಿತ್ತು. ಎರಡು ನುಡಿಗಳ ಹಾಡು ಒಂದೇ ಬಯಲಿನಲ್ಲಿ ಕೇಳಿಸುವುದು ಆ ಜಾತ್ರೆಯಲ್ಲಿ ಅಚ್ಚರಿಯ ಸಂಗತಿಯಲ್ಲ.

ಇಷ್ಟನ್ನೆಲ್ಲ ಹೊಗಳುವಾಗ ಒಂದು ಲೆಕ್ಕವನ್ನು ಮರೆಯಬಾರದು. ಗಡಿಗೆಗೆ ಬಿದ್ದ ಹಿಡಿಯು ಯಾರ ಪಾಲಿನದು? ಗಂಡಸರಿಗೂ ಮಕ್ಕಳಿಗೂ ಬಡಿಸಿ, ಉಳಿದುದನ್ನು ಕೊನೆಯಲ್ಲಿ ತಾನು ಉಣ್ಣುವುದು ನಮ್ಮ ನಾಡಿನ ಗೃಹಿಣಿಯ ವಾಡಿಕೆಯಾಗಿದ್ದುದರಿಂದ, ಅಳತೆಯಲ್ಲಿ ಕಡಮೆಯಾದುದು ಕೊನೆಗೆ ಅವಳ ತಟ್ಟೆಯಲ್ಲಿಯೇ ಕಡಮೆಯಾಗುತ್ತಿತ್ತು. ಸಭೆಯ ವರದಿಗಳು ಇದನ್ನು ಕುಟುಂಬದ ತ್ಯಾಗವೆಂದು ಬರೆದುವು. ಅದು ಒಬ್ಬಳ ಉಪವಾಸವೆಂದು ಬರೆದಿದ್ದರೆ ಹೆಚ್ಚು ಸರಿಯಾಗುತ್ತಿತ್ತು. ಆ ಧಾನ್ಯವನ್ನು ಹೇಗೆ ವಿನಿಯೋಗಿಸಬೇಕೆಂದು ನಿರ್ಣಯಿಸುವ ಪಂಚಾಯತಿಯಲ್ಲಿ ಅವಳಿಗೆ ಬಹುಕಾಲ ಸ್ಥಾನವಿರಲಿಲ್ಲ. ಹಾಗೆಂದು ಅವಳು ಬರಿಯ ವಂಚಿತೆಯೆಂದು ಮರುಗುವುದೂ ಅವಸರದ ಮಾತು: ಊರಿನ ಕಣದಲ್ಲಿ ಜನ್ಮವೆಲ್ಲ ಬೇಡುವ ಕೈಯಾಗಿದ್ದ ತನ್ನ ಕೈ ದಿನಕ್ಕೊಮ್ಮೆಯಾದರೂ ನೀಡುವ ಕೈಯಾಗುವುದರಲ್ಲಿ ಅವಳಿಗೊಂದು ಮಾನವಿತ್ತು, ಮೇಲಿನ ಕೇರಿಯವರಿಗೆ ಅದು ಕಾಣದಿದ್ದರೂ ಅವಳ ಮಕ್ಕಳಿಗೆ ಕಾಣುತ್ತಿತ್ತು.

ಅಜರಾಯರು ೧೯೪೫ರ ಜನವರಿ ೧ರಂದು ದೋರ್ನಕಲ್ಲಿನಲ್ಲಿ ತೀರಿಕೊಂಡರು. ಅವರು ಬಹುವಾಗಿ ಹಂಬಲಿಸಿದ್ದ ಸಭೆಗಳ ಐಕ್ಯವು ೧೯೪೭ರ ಸೆಪ್ಟೆಂಬರ್ ೨೭ರಂದು ದಕ್ಷಿಣ ಭಾರತ ಸಭೆಯಾಗಿ ಕೈಗೂಡಿತು; ಅಮೆರಿಕದ ಮಿಷನ್ನಿನ ಮೆಥಡಿಸ್ಟರು ಹೊರಗೆ ಉಳಿದರು. ಮರುವರ್ಷ ಸಂಸ್ಥಾನವೇ ಅಸ್ತಂಗತವಾಗಿ, ೧೯೫೬ರಲ್ಲಿ ಬೀದರ, ಗುಲಬರ್ಗಾ, ರಾಯಚೂರುಗಳು ಮೈಸೂರಿಗೆ ಬಂದುವು. ಕೂಲಿಯು ಧಾನ್ಯದಿಂದ ರೂಪಾಯಿಗೆ ತಿರುಗಿದಂತೆ ಮೂಲೆಯ ಗಡಿಗೆಯ ಸ್ಥಾನವನ್ನು ಕಾಣಿಕೆಯ ಕವರು ಆಕ್ರಮಿಸಿತು. ಕೆಲವು ಹಳ್ಳಿಗಳಲ್ಲಿ ಗಡಿಗೆ ಇನ್ನೂ ಇದೆ. ಪಟ್ಟಣದ ಸಭೆಗಳಲ್ಲಿ ಧಾನ್ಯವು ಸುಗ್ಗಿಯ ಹಬ್ಬದಂದು ಮಾತ್ರ ದೇವಾಲಯವನ್ನು ಪ್ರವೇಶಿಸುತ್ತದೆ. ಮನೆಮನೆಯ ಹೆಂಗಸರು ಹೊತ್ತು ತಂದ ಅಕ್ಕಿ, ಕುಂಬಳಕಾಯಿ, ಬಾಳೆಗೊನೆ, ಮನೆಯಲ್ಲೇ ಕರಿದ ತಿಂಡಿಗಳನ್ನು ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜಿಗಿಡುತ್ತಾರೆ. ಪೇಟೆಯ ಬೆಲೆಗೆ ಹಲವು ಪಟ್ಟು ಕೂಗಿ ಕೊಳ್ಳುವವರಿಗೆ ಚಪ್ಪಾಳೆಯೂ ಉಂಟು, ಮತ್ತು ಕೂಗುವವರು ಬಹುಮಟ್ಟಿಗೆ ಗಂಡಸರೇ.