ಪಾತ್ರೆ ಬದಲಾಗುವ ಜಾಗ: ಯುದ್ಧದಲ್ಲಿ ಇಂಧನ ಸರಬರಾಜಿನ ದೌರ್ಬಲ್ಯ

ಯುದ್ಧಕಾಲದ ಇಂಧನದ ಬಗ್ಗೆ ಬರೆದವರು ಬಹುಪಾಲು ದಾಸ್ತಾನಿನ ಲೆಕ್ಕ ಹಾಕಿದ್ದಾರೆ. ಆ ಇಂಧನ ಎಲ್ಲೆಲ್ಲಿ ನಿಂತು ಪಾತ್ರೆ ಬದಲಾಯಿಸಬೇಕಿತ್ತು ಎಂಬುದು ಈ ಲೇಖನದ ಪ್ರಶ್ನೆ. ಹಡಗಿನಿಂದ ಧಕ್ಕೆಗೆ, ಧಕ್ಕೆಯಿಂದ ಲಾರಿಗೆ, ಲಾರಿಯಿಂದ ಡಬ್ಬಿಗೆ ಇಳಿಯುವ ಈ ಸಂದುಗಳೇ ಸರಬರಾಜಿನ ಅತಿ ದುರ್ಬಲ ಭಾಗ. ಒಂದನ್ನು ಭದ್ರಪಡಿಸಿದರೆ ಅಪಾಯ ಪಕ್ಕದ ಸಂದಿಗೆ ಸರಿಯುತ್ತದೆ ಎಂಬುದು ನನ್ನ ವಾದ.

1942ರ ಬೇಸಿಗೆಯಲ್ಲಿ ರೊಮ್ಮೆಲ್‌ನ ಜರ್ಮನ್–ಇಟಾಲಿಯನ್ ಸೇನೆ ಈಜಿಪ್ಟಿನ ಎಲ್ ಅಲಮೇನ್ ತನಕ ನುಗ್ಗಿತು. ಅದರ ದೊಡ್ಡ ಬಂದರು ಟ್ರಿಪೋಲಿ ಅಲ್ಲಿಂದ ಎರಡು ಸಾವಿರ ಕಿಲೋಮೀಟರಿಗೂ ಹಿಂದೆ ಉಳಿದಿತ್ತು. ಸೇನಾ ಇತಿಹಾಸಕಾರ ಮಾರ್ಟಿನ್ ವಾನ್ ಕ್ರೆವೆಲ್ಡ್ 1977ರ ತಮ್ಮ ಗ್ರಂಥದಲ್ಲಿ, ರೊಮ್ಮೆಲ್‌ನನ್ನು ಸೋಲಿಸಿದ್ದು ಮುಳುಗಿದ ಹಡಗುಗಳಿಗಿಂತ ಹೆಚ್ಚಾಗಿ ಈ ರಸ್ತೆ ಮತ್ತು ಬಂದರುಗಳ ಕಿರಿದಾದ ಸಾಮರ್ಥ್ಯ ಎಂದು ವಾದಿಸಿದರು. ಇಂಧನ ಹೊತ್ತ ಲಾರಿಗಳು ಹೋಗಿಬರುವಷ್ಟರಲ್ಲಿ ತಾವೇ ಅದರ ದೊಡ್ಡ ಪಾಲನ್ನು ಕುಡಿದು ಮುಗಿಸುತ್ತಿದ್ದವು. ವಾದ ಗಟ್ಟಿಯಾಗಿದೆ, ಆದರೆ ಅರ್ಧಕ್ಕೆ ನಿಲ್ಲುತ್ತದೆ. ರಸ್ತೆಯನ್ನು ಮೊಟಕುಗೊಳಿಸಲೆಂದೇ ಹಡಗುಗಳನ್ನು ಟೊಬ್ರುಕ್‌ಗೆ ಕಳಿಸಬೇಕಾಯಿತು. ಅದು ರಣರಂಗಕ್ಕೆ ಹತ್ತಿರ, ಹಾಗಾಗಿ ಬ್ರಿಟಿಷ್ ವಿಮಾನಗಳಿಗೂ ಹತ್ತಿರ. ಇಟಲಿಯ ನೌಕಾಪಡೆಯ ಗೂಢಲಿಪಿ ಬ್ರಿಟನ್ನಿನ ಸಂಕೇತಭೇದಕರ ಕೇಂದ್ರ ಬ್ಲೆಚ್ಲಿ ಪಾರ್ಕ್‌ನಲ್ಲಿ ಬಯಲಾಗಿದ್ದರಿಂದ ಹಡಗುಗಳು ಹೊರಡುವ ಸುದ್ದಿ ಶತ್ರುವಿಗೆ ಮುಂಚಿತವಾಗಿಯೇ ಗೊತ್ತಾಗುತ್ತಿತ್ತು. ಅಲಮೇನ್ ಕದನ ನಡೆಯುತ್ತಿದ್ದಾಗಲೇ, ಅಕ್ಟೋಬರ್ 26ರಂದು, ಇಂಧನ ತುಂಬಿದ ‘ಪ್ರೊಸರ್ಪಿನಾ’ ಹಡಗು ಟೊಬ್ರುಕ್ ಸಮೀಪ ವಿಮಾನದಾಳಿಗೆ ಬಲಿಯಾಯಿತು. ರಸ್ತೆಯ ದೂರ ಕಡಿಮೆ ಮಾಡಲು ಹೋಗಿ ಸಮುದ್ರದಲ್ಲಿ ತೆತ್ತ ಬೆಲೆ ಇದು.

ಎದುರು ಪಾಳೆಯದ ಕಥೆ ಡಬ್ಬಿಯದು. ಬ್ರಿಟಿಷರು ಪೆಟ್ರೋಲನ್ನು ನಾಲ್ಕು ಗ್ಯಾಲನ್ನಿನ ತೆಳು ತಗಡಿನ ಡಬ್ಬಿಗಳಲ್ಲಿ ಸಾಗಿಸುತ್ತಿದ್ದರು. ಮರುಭೂಮಿಯ ಕುಲುಕಾಟಕ್ಕೆ ಅವುಗಳ ಬೆಸುಗೆ ಬಿಟ್ಟು, ಸೈನ್ಯ ಸೇರುವ ಮೊದಲೇ ಮರಳು ಪೆಟ್ರೋಲ್ ಕುಡಿಯುತ್ತಿತ್ತು. ಜರ್ಮನರ 20 ಲೀಟರಿನ ಜೆರಿಕ್ಯಾನ್ ಒತ್ತಿ ರೂಪಿಸಿದ ಉಕ್ಕಿನದು. ಅದಕ್ಕೆ ಮೂರು ಹಿಡಿ ಇರುವುದರಿಂದ ಇಬ್ಬರು ಕೈಯಿಂದ ಕೈಗೆ ದಾಟಿಸಬಹುದು, ಖಾಲಿಯಾದವನ್ನು ಒಬ್ಬನೇ ಒಂದೊಂದು ಕೈಯಲ್ಲಿ ಎರಡೆರಡು ಒಯ್ಯಬಹುದು. ಮುಚ್ಚಳ ತೆಗೆಯಲು ಸ್ಪ್ಯಾನರ್ ಬೇಡ, ಸುರಿಯಲು ಆಲಿಕೆ ಬೇಡ. ಬ್ರಿಟಿಷ್ ಸೈನಿಕರು ಕೈಗೆ ಸಿಕ್ಕ ಜೆರಿಕ್ಯಾನ್‌ಗಳನ್ನು ಬಿಡದೆ ಎತ್ತಿಕೊಂಡರು. ಕೊನೆಗೆ ಬ್ರಿಟನ್ನೇ ಅದನ್ನು ನಕಲು ಮಾಡಿತು. ಸೇನಾ ಇತಿಹಾಸಕಾರರು ಟ್ಯಾಂಕಿನ ಕವಚದ ದಪ್ಪಕ್ಕೆ ಕೊಟ್ಟ ಪುಟಗಳಲ್ಲಿ ಕಾಲುಭಾಗವನ್ನಾದರೂ ಈ ಡಬ್ಬಿಗೆ ಕೊಡಬಹುದಿತ್ತು.

1971ರ ಡಿಸೆಂಬರಿನ ಕರಾಚಿ ಇನ್ನೊಂದು ಬಗೆಯ ನಿದರ್ಶನ. ಪಶ್ಚಿಮ ಪಾಕಿಸ್ತಾನದ ಕಡಲ ವ್ಯಾಪಾರವೆಲ್ಲ ಹೆಚ್ಚುಕಡಿಮೆ ಈ ಒಂದೇ ಬಂದರಿನ ಮೇಲೆ ನಿಂತಿತ್ತು. ಅದರ ತೈಲ ಟ್ಯಾಂಕುಗಳು ಕೇಮಾರಿಯಲ್ಲಿ ಒತ್ತೊತ್ತಾಗಿದ್ದವು. ಡಿಸೆಂಬರ್ 4ರಂದು ಭಾರತದ ಹಂಟರ್ ವಿಮಾನಗಳು, ಅದೇ ರಾತ್ರಿ ಕ್ಷಿಪಣಿ ದೋಣಿಗಳು ದಾಳಿ ಮಾಡಿದವು. 8ರ ರಾತ್ರಿ ಕ್ಷಿಪಣಿ ದೋಣಿ ಐಎನ್‌ಎಸ್ ವಿನಾಶ್ ನಾಲ್ಕು ಕ್ಷಿಪಣಿಗಳನ್ನು ಹಾರಿಸಿತು. ಟ್ಯಾಂಕುಗಳಿಗೆ ಮೊದಲು ಬೆಂಕಿ ಹಚ್ಚಿದ್ದು ಯಾರು ಎಂಬ ಜಗಳ ನಮ್ಮ ವಾಯುಪಡೆ, ನೌಕಾಪಡೆಗಳ ನಡುವೆ ಇನ್ನೂ ಜೀವಂತವಾಗಿದೆ. ಇಲ್ಲಿ ಅದು ಮುಖ್ಯವಲ್ಲ. ಗಮನಿಸಬೇಕಾದ್ದು ದಾಳಿಕೋರರ ಅವಸ್ಥೆ. ಕರಾವಳಿ ಕಾವಲಿಗೆಂದು ತಯಾರಾದ ಆ ಸೋವಿಯತ್ ದೋಣಿಗಳ ವ್ಯಾಪ್ತಿ ಕಿರಿದು. ಹೀಗಾಗಿ 4ರ ರಾತ್ರಿಯ ಕಾರ್ಯಾಚರಣೆಯಲ್ಲಿ ‘ಪೋಷಕ್’ ಎಂಬ ತೈಲ ಹಡಗೂ ಪಾಲುಗೊಂಡಿತ್ತು. ಶತ್ರುವಿನ ಇಂಧನ ಸುಡಲು ಹೊರಟವರಿಗೂ ಇಂಧನದ ಊರುಗೋಲು ಬೇಕಿತ್ತು.

ಉಕ್ರೇನ್ ಯುದ್ಧದಲ್ಲಿ ಗುರಿ ಇನ್ನೂ ಹಿಂದಕ್ಕೆ ಸರಿದಿದೆ. 2022ರ ಅಕ್ಟೋಬರ್ 8ರಂದು, ರಷ್ಯಾವನ್ನು ಕ್ರಿಮಿಯಾಕ್ಕೆ ಜೋಡಿಸುವ ಕೆರ್ಚ್ ಸೇತುವೆಯ ಸ್ಫೋಟದಲ್ಲಿ ಪಕ್ಕದ ಹಳಿಯ ಮೇಲಿದ್ದ ರೈಲಿನ ಇಂಧನ ವ್ಯಾಗನ್‌ಗಳು ಉರಿದವು. 2024ರಿಂದ ಡ್ರೋನ್‌ಗಳು ರಷ್ಯಾದ ತೈಲ ಸಂಸ್ಕರಣಾಗಾರಗಳನ್ನು ಮತ್ತೆ ಮತ್ತೆ ಹೊಡೆದಿವೆ. ಅಲ್ಲಿ ಟ್ಯಾಂಕಿಗಿಂತ ಬಟ್ಟಿ ಇಳಿಸುವ ಗೋಪುರ ಹೆಚ್ಚು ಬೆಲೆಯ ಗುರಿ. ಟ್ಯಾಂಕು ಹೋದರೆ ಇನ್ನೊಂದು ಕಟ್ಟಬಹುದು, ಗೋಪುರ ಹಾಳಾದರೆ ದುರಸ್ತಿಗೆ ಬಹಳ ಕಾಲ ಹಿಡಿಯುತ್ತದೆ.

ಈ ಹಿನ್ನೆಲೆಯಲ್ಲಿ ಕರ್ನಾಟಕದ ಕರಾವಳಿಯನ್ನೂ ನೋಡಬೇಕು. ವಿಶಾಖಪಟ್ಟಣ, ಮಂಗಳೂರು ಮತ್ತು ಪಾದೂರಿನ ಭೂಗತ ಸಂಗ್ರಹಾಗಾರಗಳ ಒಟ್ಟು ಸಾಮರ್ಥ್ಯ 53.3 ಲಕ್ಷ ಟನ್. ಇದರಲ್ಲಿ ಮಂಗಳೂರಿನದು 15 ಲಕ್ಷ, ಪಾದೂರಿನದು 25 ಲಕ್ಷ. ಬಂಡೆ ಕೊರೆದು ಮಾಡಿದ ಈ ಗುಹೆಗಳಿಗೆ ಕೇಮಾರಿಯ ಗತಿ ಬರುವುದು ಕಷ್ಟ. ಆದರೆ ಅವುಗಳೊಳಗೆ ಇರುವುದು ಕಚ್ಚಾ ತೈಲ. ಅದು ಸೇನೆಯ ಲಾರಿಗೆ ಡೀಸೆಲ್ ಆಗಿ ಸಿಗಬೇಕಾದರೆ ಸಂಸ್ಕರಣಾಗಾರ, ಪಂಪ್‌ಹೌಸ್, ಟ್ಯಾಂಕರ್ ತುಂಬಿಸುವ ಡಿಪೋ ಇವನ್ನೆಲ್ಲ ಹಾದುಬರಬೇಕು, ಮತ್ತು ಇವೆಲ್ಲ ನೆಲದ ಮೇಲಿವೆ.